ಹಳೆ ಸೀರೆಯ ಹೆರಳು ಹಾಸು

ಧಾರವಾಡದ ನಮ್ಮ ಮನೆಯಲ್ಲಿ ಹಳೆ ಸೀರೆ ಎಂದರೆ ಕೌದಿಗೆ ಎಂದೇ ಲೆಕ್ಕ. ಅತ್ತೆಯವರು ವರ್ಷಕ್ಕೆ ಒಂದಾದರೂ ಹೊಲಿಯುತ್ತಾರೆ. ಟ್ರಂಕು ತುಂಬ ಕೌದಿ ಆದ ಮೇಲೆ, ಉಳಿದ ಸೀರೆಗಳಿಂದ ನೆಲಕ್ಕೆ ಏನಾದರೂ ಮಾಡೋಣ ಅನ್ನಿಸಿತು. ನಮ್ಮ ಜಿಲ್ಲೆಯದೇ ಆದ ನವಲಗುಂದದ ಜಮಖಾನೆಗೆ ಮಗ್ಗ ಬೇಕು. ಹೆರಳು ಹಾಕಲು ಮಾತ್ರ ಕೈ ಸಾಕು, ಅಲ್ವಾ? ಬಟ್ಟೆಯ ಪಟ್ಟಿಗಳಿಂದ ಮೂರೆಳೆಯ ಹೆರಳು ಹಾಕುವುದು, ಅದನ್ನೇ ಸುತ್ತಿ ಸುತ್ತಿ ಹೊಲಿಯುವುದು. ಅಷ್ಟೇ ಹಾಸು.

ಮೊದಲನೆಯದು ಕೆಟ್ಟಿತು. ಎಂಟು ಸುತ್ತು ಹೊಲಿದು ನೆಲಕ್ಕಿಟ್ಟರೆ ಅಂಚು ಮೇಲೆದ್ದು ಬುಟ್ಟಿಯಂತೆ ನಿಂತಿತು. ಇಸ್ತ್ರಿ ಹಾಕಿದೆ. ರಾತ್ರಿಯೆಲ್ಲ ಜೋಳದ ಡಬ್ಬಿ ಹೇರಿಟ್ಟೆ. ಬೆಳಿಗ್ಗೆ ಡಬ್ಬಿ ತೆಗೆದರೆ ಮತ್ತೆ ಅದೇ. ಅತ್ತೆ ನೋಡಿ, "ತೊಡಿ ಮ್ಯಾಲ ಇಟಗೊಂಡು ಹೊಲದೀಯಲಾ, ಅದಕ್ಕ ಹಿಂಗಾಗೇತಿ. ನೆಲದ ಮ್ಯಾಲ ಹಾಸಿ ಹೊಲಿ. ಎಳೀಬ್ಯಾಡವಾ, ತಾನ ಕುಂದರತೈತಿ" ಎಂದರು.

ಪೂರ್ತಿ ಬಿಚ್ಚಿದೆ. ನೆಲದ ಮೇಲೆ ಕೂತು ಮತ್ತೆ ಶುರು ಮಾಡಿದಾಗ ಅವರ ಮಾತಿನ ಲೆಕ್ಕ ತಿಳಿಯಿತು. ಪ್ರತಿ ಸುತ್ತು ಹಿಂದಿನ ಸುತ್ತಿಗಿಂತ ಉದ್ದ ಬೇಕು. ಎಷ್ಟು ಹೆಚ್ಚು? ಹೆರಳಿನ ಅಗಲವನ್ನು ಆರರಿಂದ ಗುಣಿಸಿದರೆ ಬರುವುದಕ್ಕಿಂತ ಸ್ವಲ್ಪ ಜಾಸ್ತಿ. ನನ್ನ ಹೆರಳು ಮುಕ್ಕಾಲು ಇಂಚು ಅಗಲ, ಹಾಗಾಗಿ ಪ್ರತಿ ಸುತ್ತಿಗೂ ನಾಲ್ಕೂವರೆಯಿಂದ ಐದು ಇಂಚು ಹೆಚ್ಚು. ಹಾಸು ಎಷ್ಟೇ ದೊಡ್ಡದಾಗಲಿ, ಈ ಲೆಕ್ಕ ಬದಲಾಗುವುದಿಲ್ಲ. ಎಳೆದು ಹೊಲಿದರೆ ಈ ಇಂಚುಗಳು ಸಿಗುವುದಿಲ್ಲ, ಅಂಚು ಏಳುತ್ತದೆ. ತೀರಾ ಸಡಿಲ ಬಿಟ್ಟರೆ ಅಲೆ ಅಲೆಯಾಗುತ್ತದೆ. ಉದ್ದನೆಯ ಹಾಸಾದರೆ ಈ ಸಡಿಲವನ್ನು ಎರಡು ತಿರುವುಗಳಲ್ಲಿ ಮಾತ್ರ ಕೊಡಬೇಕು. ನೇರ ಬದಿಯಲ್ಲಿ ಬೇಡ.

ಇಂಥ ಹಾಸಿನಲ್ಲಿ ಮೊದಲು ನೇರವಾಗಿ ಇಡುವ ನಡುವಿನ ಹೆರಳು ಎಷ್ಟು ಉದ್ದ ಇರಬೇಕು ಎಂಬುದಕ್ಕೂ ಸುಲಭ ದಾರಿಯಿದೆ. ಬೇಕಾದ ಉದ್ದದಿಂದ ಅಗಲ ಕಳೆಯಿರಿ. ನನಗೆ 3 ಅಡಿಗೆ 2 ಅಡಿ ಬೇಕಿತ್ತು, ನಡುವೆ 1 ಅಡಿ ಇಟ್ಟೆ.

ಬಟ್ಟೆಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಹತ್ತಿ ಮಾತ್ರ. ಹುಬ್ಬಳ್ಳಿಯ ಒಬ್ಬ ಟೇಲರ್ ಒಂದು ಚೀಲ ಚಿಂದಿ ಕೊಟ್ಟರು, ಅದರಲ್ಲಿ ಎಲ್ಲ ನಮೂನೆಯ ಬಟ್ಟೆ ಇತ್ತು. ಒಂದೊಂದು ಎಳೆ ಸುಟ್ಟು ನೋಡಿದೆ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಕೂಡಿಸಿದರೆ ಒಗೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಹಾಸು ಸೊಟ್ಟಗಾಗುತ್ತದೆ. ಇಳಕಲ್ ಸೀರೆಯ ಹತ್ತಿಯ ಒಡಲು ತೊಗೊಂಡೆ, ಸೆರಗು ತೆಗೆದಿಟ್ಟೆ. ಕೆಂಪು ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯಿರಿ. ಹಾಗೆ ಮಾಡದ್ದಕ್ಕೇ ನನ್ನ ಎರಡನೇ ಹಾಸಿನ ಬಿಳಿ ಪಟ್ಟಿಗಳು ಗುಲಾಬಿಯಾದವು.

ಸೀರೆಯನ್ನು ಕತ್ತರಿಸುತ್ತ ಕೂರಬೇಡಿ. ನಾಲ್ಕು ಇಂಚಿಗೊಂದು ಕಚ್ಚು ಹಾಕಿ ಉದ್ದಕ್ಕೆ ಹರಿಯಿರಿ, ನೇರವಾಗಿ ಹೋಗುತ್ತದೆ. ಹರಿದ ಅಂಚುಗಳನ್ನು ಒಳಗೆ ಮಡಚಿ ಹೆರಳು ಹಾಕಿದರೆ ಎಳೆ ಹೊರಗೆ ಬರುವುದಿಲ್ಲ. ಮೂರು ಪಟ್ಟಿಗಳೂ ಒಂದೇ ಉದ್ದ ಇರಬಾರದು. ಇದ್ದರೆ ಮೂರೂ ಜೋಡಣೆ ಒಂದೇ ಕಡೆ ಬಿದ್ದು ಅಲ್ಲಿ ಗಡ್ಡೆ ಕಟ್ಟುತ್ತದೆ. ಹೊಸ ಪಟ್ಟಿಯನ್ನು ಓರೆಯಾಗಿ ಇಟ್ಟು ಹೊಲಿಯುತ್ತೇನೆ.

ಸುತ್ತುಗಳನ್ನು ಕೂಡಿಸಲು ದಬ್ಬಣ. ಅದರ ಮೊನೆಯನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿಕೊಂಡೆ, ಏಕೆಂದರೆ ಬಟ್ಟೆಯನ್ನು ಚುಚ್ಚಬಾರದು. ಪಕ್ಕಪಕ್ಕದ ಹೆರಳುಗಳ ಕುಣಿಕೆಯಲ್ಲಿ ದಾರ ತೂರಿಸಿ ಬಿಗಿದರೆ ದಾರ ಒಳಗೆ ಅಡಗುತ್ತದೆ. ಆಗ ಹಾಸು ಎರಡೂ ಕಡೆ ಒಂದೇ ಥರ ಕಾಣುತ್ತದೆ, ತಿರುಗಿಸಿ ಹಾಕಬಹುದು.

ಆ 3 ಅಡಿಯ ಹಾಸು ಮಾಡಲು ಎರಡು ಸೀರೆ ಹಿಡಿದವು, ದಿನಕ್ಕೆ ಒಂದು ತಾಸಿನಂತೆ ಮೂರು ವಾರ. ಫರಸಿ ನೆಲದಲ್ಲಿ ಜಾರುತ್ತದೆ, ಅತ್ತೆ ಓಡಾಡುವ ಜಾಗ ಬೇರೆ. ಅದಕ್ಕೆ ಕೆಳಗೆ ರಬ್ಬರ್ ಜಾಳಿಗೆ ಹಾಕಿದ್ದೇನೆ. ನಮ್ಮೂರ ಜಿಟಿಜಿಟಿ ಮಳೆಯಲ್ಲಿ ಇಷ್ಟು ದಪ್ಪನೆಯದು ಒಣಗುವುದೇ ಇಲ್ಲ. ಹಾಗಾಗಿ ಆಷಾಢ ಬರುವ ಮುಂಚೆ ಒಗೆದು, ಹಗ್ಗಕ್ಕೆ ತೂಗು ಹಾಕದೆ ಮಾಳಿಗೆಯ ಮೇಲೆ ಹಾಸಿ ಒಣಗಿಸುತ್ತೇನೆ. ನೇತು ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ.