ನನ್ನ ಚೀಲದಲ್ಲಿ ಯಾವ ಡಿಸ್ಕ್, ಯಾಕೆ

ಯಾವ ಕಂಪನಿಯ ಡಿಸ್ಕ್ ಒಳ್ಳೆಯದು ಎಂದು ಡಿಸ್ಕ್ ಗಾಲ್ಫ್ ಹೊಸದಾಗಿ ಆಡುವವರು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ: ನಿಮ್ಮದು ಕಳೆದುಹೋದರೆ ಅಂಥದ್ದೇ ಇನ್ನೊಂದು ಯಾವ ಕಂಪನಿಯದು ಸುಲಭವಾಗಿ ಸಿಗುತ್ತದೋ ಅದು. ಈ ಆಟದಲ್ಲಿ ಡಿಸ್ಕ್, ಅಂದರೆ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಕಳೆಯುವುದು ಇದ್ದದ್ದೇ. ನೀರಿಗೆ ಬೀಳುತ್ತದೆ, ಪೊದೆಯೊಳಗೆ ನುಗ್ಗುತ್ತದೆ, ಕಣ್ಣೆದುರೇ ಇಳಿದದ್ದು ಹುಲ್ಲಿನಲ್ಲಿ ಕಾಣೆಯಾಗುತ್ತದೆ. ಹೋದ ಪ್ಲಾಸ್ಟಿಕ್ಕಿಗೆ ನಾನು ಅಷ್ಟು ಮರುಗುವುದಿಲ್ಲ. ಆ ಒಂದು ಡಿಸ್ಕ್ ಎಂಥ ಎಸೆತಕ್ಕೆ ಎಲ್ಲಿ ತಿರುಗುತ್ತದೆ ಎಂದು ಕೈಗೆ ರೂಢಿಯಾಗಲು ಹಿಡಿದ ಕಾಲ ಇದೆಯಲ್ಲ, ಅದು ದೊಡ್ಡ ನಷ್ಟ. ಅಂಥದ್ದೇ ಮತ್ತೊಂದು ಸಿಕ್ಕರೆ ಆ ರೂಢಿ ಉಳಿಯುತ್ತದೆ. ನನ್ನ ಚೀಲದಲ್ಲಿ ಹೆಚ್ಚಿನವು ಇನ್ನೋವಾ ಕಂಪನಿಯವು ಆಗಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಆಟ ನೋಡಿರದವರಿಗೆ ಎರಡು ಮಾತು. ಟೀ ಎಂಬ ಆರಂಭದ ಜಾಗದಿಂದ ಎಸೆದು, ಡಿಸ್ಕ್ ಬಿದ್ದಲ್ಲಿಂದ ಮತ್ತೆ ಎಸೆಯುತ್ತ ಹೋಗಿ, ಕೊನೆಗೆ ಸರಪಳಿ ಇಳಿಬಿಟ್ಟ ಲೋಹದ ಬುಟ್ಟಿಗೆ ಹಾಕಬೇಕು. ಎಸೆತ ಕಡಿಮೆಯಾದಷ್ಟೂ ಒಳ್ಳೆಯದು. ಸರಪಳಿಯ ಬುಟ್ಟಿಯನ್ನು ರೂಪಿಸಿದ ಎಡ್ ಹೆಡ್ರಿಕ್ ಅವರೇ 1976ರಲ್ಲಿ ಪಿಡಿಜಿಎ ಎಂಬ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವನ್ನು ಕಟ್ಟಿದರು. ಆಗ ಎಸೆಯುತ್ತಿದ್ದದ್ದು ದುಂಡನೆಯ ಅಂಚಿನ, ಆಟಿಕೆಯಂಥ ಡಿಸ್ಕ್‌ಗಳನ್ನು. 1983ರಲ್ಲಿ ಇನ್ನೋವಾದ ಡೇವ್ ಡುನಿಪೇಸ್ ಅಂಚನ್ನು ಇಳಿಜಾರು ಮಾಡಿ ‘ಈಗಲ್’ ತಂದ ಮೇಲೆ ಡಿಸ್ಕ್ ಗಾಳಿಯನ್ನು ಸೀಳಿಕೊಂಡು ದೂರ ಹೋಗತೊಡಗಿತು. ಇಂದು ಯಾವ ಕಂಪನಿಯ ಡ್ರೈವರ್, ಅಂದರೆ ದೂರ ಎಸೆಯುವ ಡಿಸ್ಕ್, ಕೈಗೆತ್ತಿಕೊಂಡರೂ ಆ ಇಳಿಜಾರು ಅಂಚು ಅದರಲ್ಲಿದೆ.

ನಾನು ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಎಸೆಯುವವನು. ಹಾಗೆ ಎಸೆದ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ವೇಗ ಹೆಚ್ಚಿದ್ದಾಗ ಅದು ಬಲಕ್ಕೆ ವಾಲಲು ನೋಡುತ್ತದೆ, ಇದು ಟರ್ನ್. ವೇಗ ತಗ್ಗಿ ಇಳಿಯತೊಡಗಿದಾಗ ಗಾಳಿಯ ಒತ್ತಡ ಡಿಸ್ಕ್‌ನ ಮುಂಭಾಗಕ್ಕೆ ಸರಿಯುತ್ತದೆ. ಸುತ್ತುತ್ತಿರುವ ವಸ್ತುವಾದ್ದರಿಂದ ಆ ಒತ್ತಡ ಮೂತಿಯನ್ನು ಮೇಲೆತ್ತುವ ಬದಲು ಡಿಸ್ಕನ್ನು ಎಡಕ್ಕೆ ವಾಲಿಸುತ್ತದೆ, ಇದು ಫೇಡ್. ಇವೆರಡರ ಜೊತೆ ಸ್ಪೀಡ್ ಮತ್ತು ಗ್ಲೈಡ್ (ತೇಲುವ ಗುಣ) ಸೇರಿಸಿ ಇನ್ನೋವಾ ಸ್ಪೀಡ್, ಗ್ಲೈಡ್, ಟರ್ನ್, ಫೇಡ್ ಎಂಬ ಕ್ರಮದಲ್ಲಿ ನಾಲ್ಕು ಅಂಕಿಗಳನ್ನು ಕೊಡುತ್ತದೆ. ‘ಟೀಬರ್ಡ್’ ಎಂಬ ಡ್ರೈವರ್‌ನ ಅಂಕಿಗಳು 7, 5, 0, 2. ಬಲಕ್ಕೆ ಹೊರಳದೆ ನೇರ ಹೋಗಿ ಕೊನೆಗೆ ಸ್ವಲ್ಪ ಎಡಕ್ಕೆ ಬರುತ್ತದೆ ಎಂದು ಅರ್ಥ.

ಈ ಅಂಕಿಗಳನ್ನು ಯಾವ ಸಂಘವೂ ಅಳೆದು ಕೊಡುವುದಿಲ್ಲ, ಕಂಪನಿಗಳು ತಾವೇ ಹಾಕಿಕೊಳ್ಳುತ್ತವೆ. ಪಿಡಿಜಿಎ ನೋಡುವುದು ಅಗಲ, ತೂಕ, ಅಂಚಿನ ಚೂಪು, ಬಾಗುವ ಗುಣ ಇಂಥವನ್ನು. ಅಗಲ 21 ಸೆಂ.ಮೀ.ಗಿಂತ ಕಡಿಮೆ ಇರಬಾರದು, ಒಂದು ಸೆಂ.ಮೀ. ಅಗಲಕ್ಕೆ 8.3 ಗ್ರಾಂಗಿಂತ ಹೆಚ್ಚು ತೂಗಬಾರದು. ಎಷ್ಟೋ ಡ್ರೈವರ್‌ಗಳ ತೂಕ 175 ಗ್ರಾಂ ಆಸುಪಾಸಿನಲ್ಲಿ ನಿಲ್ಲುವುದು ಈ ಲೆಕ್ಕದಿಂದ. ಹಾರಾಟ ಹೇಗೆ ಎಂಬುದು ಎಸೆದು ನೋಡುವವರಿಗೆ ಬಿಟ್ಟದ್ದು. ಹಾಗಾಗಿ ಒಂದು ಕಂಪನಿಯ 7, 5, 0, 2ನ್ನು ಇನ್ನೊಂದರ ಅದೇ ಅಂಕಿಗಳ ಪಕ್ಕ ಇಟ್ಟು ಎರಡೂ ಒಂದೇ ಎಂದುಕೊಳ್ಳಬಾರದು. ಒಂದೇ ಕಂಪನಿಯೊಳಗೆ ಹೋಲಿಸಲು ಮಾತ್ರ ಅವು ನಿಜವಾಗಿ ನೆರವಾಗುತ್ತವೆ. ಚೀಲದ ಬಹುಪಾಲು ಒಂದೇ ಕಡೆಯದಾಗಿರಲಿ ಎಂದು ನಾನು ಹೇಳಲು ಇದೂ ಒಂದು ಕಾರಣ.

ನನಗೆ ಅತಿ ಪ್ರಿಯವಾದ ಭಾಗಕ್ಕೆ ಬರುತ್ತೇನೆ: ಡಿಎಕ್ಸ್ ಪ್ಲಾಸ್ಟಿಕ್ಕಿನ ‘ರಾಕ್’ ಎಂಬ ಮಿಡ್‌ರೇಂಜ್, ಅಂದರೆ ಮಧ್ಯಮ ದೂರಕ್ಕೆ ಎಸೆಯುವ ಡಿಸ್ಕ್. ಡಿಎಕ್ಸ್ ಇನ್ನೋವಾದ ಅಗ್ಗದ ಪ್ಲಾಸ್ಟಿಕ್. ಕೈಗೆ ಚೆನ್ನಾಗಿ ಹಿಡಿತ ಸಿಗುತ್ತದೆ, ಆದರೆ ಮರಕ್ಕೆ, ಕಲ್ಲಿಗೆ ಬಡಿದು ಬೇಗ ಸವೆಯುತ್ತದೆ. ಅನೇಕರು ಇದನ್ನೇ ಕೊರತೆ ಎಂದು ಎಣಿಸಿ ಬಾಳಿಕೆ ಬರುವ ಸ್ಟಾರ್, ಚಾಂಪಿಯನ್ ಪ್ಲಾಸ್ಟಿಕ್ಕಿಗೆ ಹೋಗುತ್ತಾರೆ. ನನಗೆ ಬೇಕಾಗಿರುವುದೇ ಆ ಸವೆತ. ಹೊಸ ರಾಕ್ ಎಡಕ್ಕೆ ಗಟ್ಟಿಯಾಗಿ ಬರುತ್ತದೆ. ಕೆಲವು ತಿಂಗಳು ಆಡಿದ್ದು ನೇರ ಹೋಗುತ್ತದೆ. ಚೆನ್ನಾಗಿ ಏಟು ತಿಂದದ್ದು ಮೆಲ್ಲಗೆ ಬಲಕ್ಕೆ ಹೊರಳಿ ಅಲ್ಲೇ ಉಳಿಯುತ್ತದೆ. ಮೂರೂ ಕೈಗೆ ಒಂದೇ: ಅದೇ ಅಂಚು, ಅದೇ ಹಿಡಿತ, ಅದೇ ಬಿಡುವ ಗಳಿಗೆ. ಮರಗಳ ನಡುವಿನ ಸಂದಿ ಎತ್ತ ಬಾಗಿದೆಯೋ ಅದಕ್ಕೆ ತಕ್ಕದ್ದನ್ನು ತೆಗೆದು, ತೋಳಿಗೆ ಏನೂ ಹೊಸದು ಹೇಳದೆ, ಎಂದಿನಂತೆ ಎಸೆಯುತ್ತೇನೆ. ಸವೆದದ್ದು ತೀರಾ ಹಗುರವಾಗಿ ಹೊರಳತೊಡಗಿದರೆ ಅದನ್ನು ಚೀಲದಿಂದ ತೆಗೆದು, ಹೊಸದೊಂದನ್ನು ಸಾಲಿಗೆ ಸೇರಿಸುತ್ತೇನೆ. ಹಳಬರು ಬಹಳ ಕಾಲದಿಂದ ಮಾಡಿಕೊಂಡು ಬಂದ ಕ್ರಮ ಇದು, ನನ್ನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಉಪಾಯ ಬಿದ್ದಿಲ್ಲ. ಆದರೆ ಇದು ನಡೆಯಬೇಕಾದರೆ ಅದೇ ಅಚ್ಚಿನ ಡಿಸ್ಕ್ ವರ್ಷಗಟ್ಟಲೆ ಮಾರಾಟದಲ್ಲಿರಬೇಕು. ರಾಕ್, ಇನ್ನೋವಾದ ಪಟರ್ (ಹತ್ತಿರದಿಂದ ಬುಟ್ಟಿಗೆ ಹಾಕುವ ಡಿಸ್ಕ್) ಏವಿಯಾರ್ ಎರಡೂ 1980ರ ದಶಕದಿಂದ ಇವೆ.

ಅಚ್ಚು ಒಂದೇ ಆದರೂ ಎಲ್ಲ ಡಿಸ್ಕೂ ಒಂದೇ ಎಂದಲ್ಲ, ಇದನ್ನು ಬಿಡಿಸಿ ಹೇಳಬೇಕು. ಪ್ಲಾಸ್ಟಿಕ್ ತಣಿಯುವಾಗ ಕುಗ್ಗುವ ಪ್ರಮಾಣ ಬದಲಾದರೆ ಡಿಸ್ಕ್‌ನ ಆಕಾರವೂ ತುಸು ಬದಲಾಗುತ್ತದೆ. ನಾನು ಎರಡು ಜಾಗ ನೋಡುತ್ತೇನೆ. ಮೊದಲನೆಯದು, ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಅಂಚಿನ ಸುತ್ತ ಮೂಡುವ ಗೆರೆ. ಡಿಸ್ಕನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಆ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ನನ್ನದರ ಪಕ್ಕ ಹೋಲಿಸುತ್ತೇನೆ. ಗೆರೆ ಮೇಲಿದ್ದರೆ ಎಡಕ್ಕೆ ಬರುವ ಗುಣ ಹೆಚ್ಚು, ಕೆಳಗಿದ್ದರೆ ಕಡಿಮೆ. ಎರಡನೆಯದು ಬೆನ್ನಿನ ಉಬ್ಬು. ಅಂಗೈಯಿಂದ ಮೆಲ್ಲಗೆ ಒತ್ತಿದರೆ ಅದು ತಿಳಿಯುತ್ತದೆ. ಉಬ್ಬಿದ್ದದ್ದು ಹೆಚ್ಚು ಹೊತ್ತು ತೇಲುತ್ತದೆ, ಚಪ್ಪಟೆಯಾದದ್ದು ಬೇಗ ಇಳಿಯುತ್ತದೆ. ಕೈಯಲ್ಲಿ ಹಿಡಿದು ಆರಿಸಲು ಅವಕಾಶವಿದ್ದರೆ ಬಣ್ಣ, ಚಿತ್ರ ನೋಡುವ ಮೊದಲು ಇವೆರಡನ್ನು ನೋಡಿ. ಆಟಗಾರರು ಒಂದೇ ಡಿಸ್ಕ್ ಬಗ್ಗೆ ‘ಅದು ಕಡ್ಡಿಯಂತೆ ನೇರ’, ‘ಇಲ್ಲ, ಎಡಕ್ಕೆ ಬಿದ್ದೇ ಬೀಳುತ್ತದೆ’ ಎಂದು ಜಗಳ ಕಾಯುವಾಗ ಇಬ್ಬರ ಮಾತೂ ನಿಜವಾಗಿರುವುದುಂಟು. ಅವರವರ ಕೈಯಲ್ಲಿರುವುದು ಬೇರೆ ಬೇರೆ ಸಲ ತಯಾರಾದ ಮಾಲು.

ಪಟ್ ಮಾಡಲು, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕಲು, ‘ಕೆಸಿ ಪ್ರೊ ಏವಿಯಾರ್’ ಒಂದು ಜೋಡಿ ಇದೆ. ಕೆಸಿ ಎಂದರೆ 12 ಸಲ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೊ. ಪ್ಲಾಸ್ಟಿಕ್ ಗಡುಸು, ಬೆರಳಿನಿಂದ ಬಿಡುವಾಗ ತಡವರಿಸುವುದಿಲ್ಲ. ಮೆತ್ತನೆಯ ಪಟರ್ ಸರಪಳಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ನನಗೆ ಸರಪಳಿ ಮುಟ್ಟುವುದಕ್ಕಿಂತ ಕೈ ಬಿಡುವ ಗಳಿಗೆ ಮುಖ್ಯ. ಟೀಯಿಂದ ಎಸೆಯಲು ಸ್ಟಾರ್ ಪ್ಲಾಸ್ಟಿಕ್ಕಿನ ಏವಿಯಾರ್ ಬೇರೆ ಇಟ್ಟಿದ್ದೇನೆ. ಪಟ್ ಮಾಡುವ ಡಿಸ್ಕನ್ನು ಮರಕ್ಕೆ ಬಡಿಯಲು ಮನಸ್ಸು ಬರುವುದಿಲ್ಲ.

ಜೊತೆಗೆ ಆಡುವವರ ಅಭಿಪ್ರಾಯ ಬೇರೆಯೇ. ಒಬ್ಬರ ಚೀಲದಲ್ಲಿ ಎಂವಿಪಿ ಬಿಟ್ಟರೆ ಇನ್ನೊಂದಿಲ್ಲ. ಆ ಕಂಪನಿ ನಡುವಿನ ಭಾಗವನ್ನು ಒಂದು ಪ್ಲಾಸ್ಟಿಕ್ಕಿನಲ್ಲಿ, ಹೊರ ಅಂಚನ್ನು ಅದಕ್ಕಿಂತ ಭಾರದ ಇನ್ನೊಂದರಲ್ಲಿ ಮಾಡುತ್ತದೆ. ಭಾರ ಅಂಚಿಗೆ ಹೋದಷ್ಟೂ ಸುತ್ತು ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಅದರ ಹಿಂದಿನ ವಿಚಾರ. ಅವರ ಪಟರ್ ಎಸೆದು ನೋಡಿದ್ದೇನೆ. ಕೊನೆಯವರೆಗೂ ನಡುಗದೆ ಹೋಗುತ್ತದೆ, ಅದನ್ನು ಒಪ್ಪುತ್ತೇನೆ. ಅಂಚು ಕೂಡುವ ಜಾಗ ಮಾತ್ರ ನನ್ನ ಬೆರಳಿಗೆ ಒಗ್ಗಲಿಲ್ಲ. ಹಿಡಿತ ಒಗ್ಗದ ಡಿಸ್ಕ್ ಎಷ್ಟೇ ಚೆನ್ನಾಗಿ ಹಾರಿದರೂ ನನಗಲ್ಲ.

ಇನ್ನೊಬ್ಬರು ದೊಡ್ಡ ಆಟಗಾರರ ಹಿಂದೆ ಹೋಗುವವರು. ಪಾಲ್ ಮೆಕ್‌ಬೆತ್ 2019ರಲ್ಲಿ ಇನ್ನೋವಾ ಬಿಟ್ಟು ಡಿಸ್ಕ್ರಾಫ್ಟ್‌ಗೆ ಹೋದಾಗ ಇವರ ಚೀಲವೂ ಬದಲಾಯಿತು. ಮೆಕ್‌ಬೆತ್ ಲೆಕ್ಕವನ್ನು ನಾನು ಓದುವುದು ಬೇರೆ ಥರ. 2012ರಿಂದ 2015ರವರೆಗೆ ಸತತ ನಾಲ್ಕು ವಿಶ್ವ ಪ್ರಶಸ್ತಿ ಇನ್ನೋವಾ ಡಿಸ್ಕ್‌ಗಳಲ್ಲಿ, ಮತ್ತೆ 2019 ಮತ್ತು 2022ರಲ್ಲಿ ಡಿಸ್ಕ್ರಾಫ್ಟ್‌ನವುಗಳಲ್ಲಿ. ಕಂಪನಿ ಬದಲಾದ ವರ್ಷವೇ ಗೆದ್ದವರು ಅವರು. ಆ ಮಟ್ಟದಲ್ಲಿ ದಿನವೂ ಎಸೆಯುವವರಿಗೆ ಹೊಸ ಡಿಸ್ಕ್ ಕಲಿಯಲು ಸಮಯವಿದೆ, ಅದೇ ಅವರ ಕೆಲಸ. ವಾರಕ್ಕೊಮ್ಮೆ ಆಡುವ ನಮಗೆ ಆ ಬಿಡುವು ಎಲ್ಲಿದೆ? ಅವರ ಹೆಸರು ಅಚ್ಚಾದ ಡಿಸ್ಕ್ ಕೊಳ್ಳಿ, ಸಂತೋಷ. ಆದರೆ ಚೀಲ ಪೂರ್ತಿ ಖಾಲಿ ಮಾಡಿ ಕೊಳ್ಳಬೇಡಿ.

ಡಿಸ್ಕ್ರಾಫ್ಟ್ ಡಿಸ್ಕ್ ಒಂದು ನನ್ನ ಬಳಿಯೂ ಇದೆ, ಜ಼ಡ್ ಪ್ಲಾಸ್ಟಿಕ್ಕಿನ ‘ಬಜ಼್’. ಮಿಡ್‌ರೇಂಜ್‌ಗಳಲ್ಲಿ ಇಷ್ಟು ಮಂದಿ ಒಪ್ಪಿಕೊಂಡದ್ದು ವಿರಳ. ಯಾವ ಕೋನದಲ್ಲಿ ಬಿಟ್ಟರೂ ಆ ಕೋನವನ್ನೇ ಹಿಡಿದು ಹೋಗುತ್ತದೆ. ಎಡಕ್ಕೆ ವಾಲಿಸಿ ಬಿಟ್ಟರೆ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ರಾಕ್‌ಗಳಿಗಿಂತ ಬಹಳ ನಿಧಾನ ಸವೆಯುವುದರಿಂದ ಅವುಗಳ ಗುಣ ಬದಲಾಗುತ್ತಿದ್ದರೂ ಇದು ಇದ್ದಂತೆಯೇ ಇರುತ್ತದೆ. ಇದೂ ಕಳೆದರೆ ಸುಲಭವಾಗಿ ಸಿಗುವಂಥದ್ದೇ. ಹಾಗಾಗಿ ನನ್ನ ನಿಯಮ ಮುರಿದಂತಾಗಲಿಲ್ಲ.

ಗಾಳಿಯ ದಿನಕ್ಕೆ ‘ಫೈರ್‌ಬರ್ಡ್’. ಎದುರು ಗಾಳಿಯಲ್ಲಿ ಡಿಸ್ಕ್ ತನ್ನ ನಿಜವಾದ ವೇಗಕ್ಕಿಂತ ಹೆಚ್ಚು ವೇಗದಲ್ಲಿದ್ದಂತೆ ವರ್ತಿಸುತ್ತದೆ, ಸಾಧಾರಣ ಡಿಸ್ಕ್ ಬಲಕ್ಕೆ ಮಗುಚಿ ನೆಲ ಕಚ್ಚುತ್ತದೆ. 9, 3, 0, 4 ಅಂಕಿಯ ಫೈರ್‌ಬರ್ಡ್ ಮಗುಚುವುದಿಲ್ಲ, ಎಡಕ್ಕೆ ಬಂದೇ ಬರುತ್ತದೆ ಎಂಬ ಭರವಸೆ ಇದೆ. ಅದಕ್ಕೆ ದೂರ ಕಡಿಮೆ. ಆ ಭರವಸೆಗಾಗಿ ದೂರ ಬಿಟ್ಟುಕೊಡಲು ನಾನು ತಯಾರು. ಗಾಳಿ ಇಲ್ಲದಿದ್ದರೆ ಟೀಬರ್ಡ್ ತೆಗೆಯುತ್ತೇನೆ.

ಅತಿ ದೂರಕ್ಕೆ ಎಸೆಯುವ ಡಿಸ್ಟನ್ಸ್ ಡ್ರೈವರ್‌ಗಳಲ್ಲಿ ನನ್ನ ಬಳಿ ಇರುವುದು ಒಂದು ‘ರೇತ್’, ಅಷ್ಟೇ. 12ರ ಸ್ಪೀಡಿನ ‘ಡೆಸ್ಟ್ರಾಯರ್’ ಇಟ್ಟುಕೊಂಡಿಲ್ಲ. ಸ್ಪೀಡ್ ಅಂಕಿ ಹೇಳುವುದು ಆ ಡಿಸ್ಕ್ ತಾನಾಗಿ ಎಷ್ಟು ವೇಗ ಹೋಗುತ್ತದೆ ಎಂದಲ್ಲ, ಬರೆದ ಹಾಗೆ ಹಾರಲು ನೀವು ಎಷ್ಟು ವೇಗ ಕೊಡಬೇಕು ಎಂದು. ಅಷ್ಟು ವೇಗ ಕೊಡದ ಕೈಯಲ್ಲಿ ಅಗಲ ಅಂಚಿನ ಡ್ರೈವರ್ ಟರ್ನ್ ತೋರಿಸುವುದೇ ಇಲ್ಲ, ಬಿಟ್ಟ ಕೂಡಲೇ ಎಡಕ್ಕೆ ಇಳಿಯುತ್ತದೆ. ಹೊಸಬರ ಚೀಲ ನೋಡಿದಾಗ ನನಗೆ ಬೇಸರವಾಗುವುದು ಇದಕ್ಕೇ. ನಾಲ್ಕೈದು ಡಿಸ್ಟನ್ಸ್ ಡ್ರೈವರ್, ಮೂಲೆಯಲ್ಲೊಂದು ಪಟರ್. ಅವರು ಏವಿಯಾರ್‌ನಂಥ ಒಂದು ಪಟರ್, ರಾಕ್ ಅಥವಾ ಬಜ಼್‌ನಂಥ ಒಂದು ಮಿಡ್‌ರೇಂಜ್, ‘ಲೆಪರ್ಡ್’ನಂಥ ಒಂದು ಸಾಧು ಫೇರ್‌ವೇ ಡ್ರೈವರ್ (ಡಿಸ್ಟನ್ಸ್ ಡ್ರೈವರ್‌ಗಿಂತ ಕಡಿಮೆ ಸ್ಪೀಡಿನದು) ಇಷ್ಟರಲ್ಲೇ ಒಂದು ವರ್ಷ ಆಡಲಿ ಎಂದು ಮನಸಾರೆ ಬಯಸುತ್ತೇನೆ. ಗಾಲ್ಫ್‌ನಲ್ಲಿ 14 ಕ್ಲಬ್‌ಗಳ ಮಿತಿ ಇದೆ, ಇಲ್ಲಿ ಎಷ್ಟು ಡಿಸ್ಕ್ ಬೇಕಾದರೂ ಹೊರಬಹುದು. ಮಿತಿ ಇಲ್ಲ ಎಂದು ಹೊರುತ್ತ ಹೋದರೆ ಟೀ ಮೇಲೆ ನಿಂತಾಗ ಯಾವುದು ಎಂದು ಯೋಚಿಸುವುದರಲ್ಲೇ ನಿಯಮ ಕೊಟ್ಟ 30 ಸೆಕೆಂಡು ಮುಗಿಯುತ್ತದೆ.

ಸದ್ಯಕ್ಕೆ ನನ್ನ ಮುಂದಿರುವ ಪ್ರಶ್ನೆ ಲೆಪರ್ಡ್‌ನದೇ. ಡಿಎಕ್ಸ್ ಲೆಪರ್ಡ್ ಸವೆದು ಸವೆದು ಈಗ ನೆಲದ ಮೇಲೆ ಉರುಳಿಸುವ ಎಸೆತಕ್ಕೆ ಮಾತ್ರ ಲಾಯಕ್ಕಾಗಿದೆ. ಅದರ ಜಾಗಕ್ಕೆ ಇನ್ನೊಂದು ಡಿಎಕ್ಸ್ ತರುವುದೋ, ಚಪ್ಪಟೆ ಬೆನ್ನಿನ, ತುಸು ವೇಗದ ‘ಲೆಪರ್ಡ್3’ ತರುವುದೋ ಎಂದು ಯೋಚಿಸುತ್ತಿದ್ದೇನೆ. ಜೊತೆಯವರೊಬ್ಬರ ಲೆಪರ್ಡ್3 ಎಸೆದು ನೋಡಿದೆ. ತಗ್ಗಿನಲ್ಲಿ, ಕೊಂಬೆಗಳ ಕೆಳಗೆ ಎಸೆಯಲು ಬಹಳ ಚೆನ್ನಾಗಿದೆ. ಆದರೆ ಹಳೆಯದು ತೇಲುತ್ತಿದ್ದ ಹಾಗೆ ತೇಲುವುದಿಲ್ಲ, ಮೆಲ್ಲಗೆ ಎಸೆದರೂ ಬುಟ್ಟಿಯ ಹತ್ತಿರ ಹೋಗಿ ಬೀಳುತ್ತಿದ್ದದ್ದು ಆ ತೇಲುವ ಗುಣದಿಂದಲೇ. ಬಹುಶಃ ಡಿಎಕ್ಸ್ ಅನ್ನೇ ತರುತ್ತೇನೆ, ಈ ಸಲ ಎರಡು.