ಥಾರ್, ಜಿಮ್ನಿಗೆ ದುಡ್ಡು ಸುರಿಯೋ ಮುಂಚೆ: ಯಾವ ಅಪ್‌ಗ್ರೇಡ್ ಮೊದ್ಲು, ಯಾವ್ದು ಆಮೇಲೆ, ಯಾವ್ದು ಬೇಡ್ವೇ ಬೇಡ

ಮಹೀಂದ್ರಾ ಥಾರೋ ಮಾರುತಿ ಜಿಮ್ನಿನೋ, ಇಂಥ ಹೊಸ ಆಫ್‌ರೋಡ್ ಗಾಡಿ ಡೆಲಿವರಿ ತಗೊಂಡ ವಾರಕ್ಕೇ ನಮ್ಮ ಹುಡುಗ್ರ ಫೋನಲ್ಲಿ ಒಂದು ಲಿಸ್ಟ್ ರೆಡಿ ಇರುತ್ತೆ, ಮೊದ್ಲು ಲೈಟ್ ಬಾರ್, ಆಮೇಲೆ ಸ್ನಾರ್ಕೆಲ್ (ಎಂಜಿನ್‌ಗೆ ಗಾಳಿ ಎಳೆಯೋ ಎತ್ತರದ ಪೈಪು), ಕಬ್ಬಿಣದ ಬಂಪರ್, ರೀಮ್ಯಾಪ್ (ಪವರ್ ಜಾಸ್ತಿ ಮಾಡೋಕೆ ಎಂಜಿನ್ ಸಾಫ್ಟ್‌ವೇರ್ ಬದಲಾಯಿಸೋದು), ದುಡ್ಡು ಉಳಿದ್ರೆ ಟೈರು. ಆ ಲಿಸ್ಟ್‌ನ ಕೆಳಗಿಂದ ಮೇಲಕ್ಕೆ ಓದಿ, ಅರ್ಧ ಕೆಲಸ ಸರಿಹೋಗುತ್ತೆ. ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ನೆಲಕ್ಕೆ ತಾಗೋ ಜಾಗದಿಂದ ಖರ್ಚು ಶುರು ಮಾಡಿ ಮೇಲಕ್ಕೆ ಹೋಗಿ, ಎಂಜಿನ್‌ಗೆ ಕೈ ಹಾಕೋದು ಕಟ್ಟಕಡೆಗೆ, ಹಾಕದಿದ್ರೂ ನಷ್ಟ ಇಲ್ಲ. ಇಲ್ಲಿ ಥಾರ್, ಜಿಮ್ನಿ ಇಟ್ಕೊಂಡೇ ಮಾತಾಡ್ತೀನಿ, ಯಾಕಂದ್ರೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ವೀಕೆಂಡ್‌ನಲ್ಲಿ ಕೆಸರು ಮೆತ್ಕೊಂಡು ನಿಂತಿರೋ ಗಾಡಿಗಳಲ್ಲಿ ಇವೇ ಜಾಸ್ತಿ.

ಏನನ್ನೇ ತಗೊಳ್ಳೋ ಮುಂಚೆ ನಿಮ್ಮ ಗಾಡಿ ಎಲ್ಲಿ, ಹೆಂಗೆ ಸಿಕ್ಕಾಕೊಳ್ಳುತ್ತೆ ಅಂತ ನೋಡ್ಕೊಳ್ಳಿ. ನಾಲ್ಕೂ ಚಕ್ರ ನೆಲದ ಮೇಲಿದೆ ಆದ್ರೂ ನಿಂತಲ್ಲೇ ಗಿರಗಿರ ತಿರುಗ್ತಿದೆ ಅಂದ್ರೆ ಅದು ಟೈರು ಮತ್ತೆ ಗಾಳಿಯ ಸಮಸ್ಯೆ. ಒಂದು ಚಕ್ರ ಗಾಳೀಲಿ ಎದ್ದು ಅದೊಂದೇ ತಿರುಗ್ತಿದೆ ಅಂದ್ರೆ ಡಿಫರೆನ್ಶಿಯಲ್ (ಎಡ-ಬಲ ಚಕ್ರಕ್ಕೆ ಪವರ್ ಹಂಚೋ ಗೇರ್ ಸೆಟ್ಟು) ವಿಷಯ. ಹೊಟ್ಟೆ ಕಲ್ಲಿಗೆ ಕೂತು ಚಕ್ರಕ್ಕೆ ಭಾರನೇ ಬೀಳ್ತಿಲ್ಲ ಅಂದ್ರೆ ಎತ್ತರ ಸಾಲದು, ಏರು ಶುರುವಾಗೋ ಜಾಗದಲ್ಲೇ ಮೂತಿ ಹೊಡೀತಿದೆ ಅಂದ್ರೆ ಬಂಪರ್ ಆಕಾರ ಸರಿಯಿಲ್ಲ. ಇನ್ನು ಏರಲ್ಲಿ ಎಂಜಿನ್ ಉಸಿರು ಕಟ್ಟಿ ಆಫ್ ಆಗ್ತಿದೆ ಅಂದ್ರೆ ಹತ್ತು ಜನರಲ್ಲಿ ಎಂಟು ಜನ ಲೋ ರೇಂಜ್‌ಗೆ (ನಿಧಾನಕ್ಕೆ, ಜಾಸ್ತಿ ಬಲದಲ್ಲಿ ಎಳೆಯೋ ಗೇರ್‌ಗೆ) ಹಾಕೋದೇ ಮರ್ತಿರ್ತಾರೆ. ಒಂದು ಸಮಸ್ಯೆಗೆ ಇನ್ನೊಂದರ ಔಷಧಿ ಕೊಟ್ರೆ ಏನೂ ಆಗಲ್ಲ, ದುಡ್ಡು ಮಾತ್ರ ಹೋಗುತ್ತೆ.

ಎಂಜಿನ್ ಕೊನೆಗೆ ಅಂದಿದ್ದಕ್ಕೆ ಲೆಕ್ಕ ಇದೆ. ಥಾರ್ 4x4 (ನಾಲ್ಕೂ ಚಕ್ರಕ್ಕೆ ಪವರ್ ಹೋಗೋದು) ಡೀಸೆಲ್‌ಗೆ 130 ಬಿಎಚ್‌ಪಿ ಪವರ್, 300 ಎನ್‌ಎಂ ಟಾರ್ಕ್, ಅಂದ್ರೆ ಚಕ್ರ ತಿರುಗಿಸೋ ಬಲ. ಜಿಮ್ನಿ 1.5 ಲೀಟರ್ ಪೆಟ್ರೋಲ್‌ಗೆ ಬರೀ 134 ಎನ್‌ಎಂ. ಕಾಗದದ ಮೇಲೆ ಅರ್ಧಕ್ಕಿಂತ ಕಮ್ಮಿ, ಆದ್ರೂ ಥಾರ್ ಹತ್ತೋ ಎಷ್ಟೋ ಜಾಗ ಜಿಮ್ನಿನೂ ಹತ್ತುತ್ತೆ, ಯಾಕಂದ್ರೆ ಅದು ಹಗುರ, ಜೊತೆಗೆ ಲೋ ರೇಂಜ್ ಗೇರ್ ಇದೆ. ಲೋ ರೇಂಜ್ ಲಿವರ್ ಎಳೆದ ತಕ್ಷಣ ಚಕ್ರಕ್ಕೆ ಹೋಗೋ ಟಾರ್ಕ್ ಜಿಮ್ನಿಯಲ್ಲಿ ಎರಡು ಪಟ್ಟು, ಥಾರ್‌ನಲ್ಲಿ ಎರಡೂವರೆ ಪಟ್ಟು ಹತ್ರ ಆಗುತ್ತೆ, ಪುಕ್ಕಟೆ. ಯಾವ ರೀಮ್ಯಾಪೂ ಇಷ್ಟು ಕೊಡಲ್ಲ. ಅದೂ ಅಲ್ದೆ ಕೆಸರಲ್ಲಿ ಪವರ್ ಜಾಸ್ತಿ ಆದ್ರೆ ಚಕ್ರ ಇನ್ನೂ ಬೇಗ ತಿರುಗಿ ಗುಂಡಿ ಇನ್ನೂ ಬೇಗ ಆಗುತ್ತೆ ಅಷ್ಟೇ. ಹೈವೇಲಿ ಓವರ್‌ಟೇಕ್ ಮಾಡೋಕೆ ರೀಮ್ಯಾಪ್ ಬೇಕು ಅಂದ್ರೆ ಅದು ಬೇರೆ ಆಸೆ, ಅದನ್ನ ಆಫ್‌ರೋಡ್ ಖಾತೆಗೆ ಬರೀಬೇಡಿ, ಮತ್ತೆ ವಾರಂಟಿ ಇರೋ ತನಕ ಆ ಕಡೆ ತಿರುಗೂ ನೋಡ್ಬೇಡಿ.

ಈಗ ಟೈರು. ಇದಕ್ಕೆ ಎಷ್ಟು ಮಾತಾಡಿದ್ರೂ ಸಾಲಲ್ಲ. ಎಚ್‌ಟಿ ಅಂದ್ರೆ ರೋಡಿನ ಟೈರು, ಎಟಿ ಅಂದ್ರೆ ಎರಡಕ್ಕೂ ಆಗೋದು, ಎಂಟಿ ಅಂದ್ರೆ ಕೆಸರಿನ ಟೈರು, ಇಷ್ಟು ಎಲ್ರಿಗೂ ಗೊತ್ತು. ಗೊತ್ತಿಲ್ಲದೇ ಇರೋದು ಏನಂದ್ರೆ ನಮ್ಮ ಮಲೆನಾಡಿನ ಮಳೆಗಾಲಕ್ಕೆ ಎಂಟಿನೇ ಉತ್ತರ ಅಂತ ಕಣ್ಣುಮುಚ್ಚಿ ಹೇಳೋಕಾಗಲ್ಲ. ಎಂಟಿಯ ಬ್ಲಾಕ್‌ಗಳ ಮಧ್ಯೆ ಜಾಗ ದೊಡ್ಡದು, ಚಕ್ರ ತಿರುಗ್ತಿದ್ದಂಗೆ ಮಣ್ಣು ಹಾರಿ ಬೀಳುತ್ತೆ, ಜೇಡಿಮಣ್ಣಲ್ಲಿ ಎಟಿ ಟೈರು ಎರಡು ಸುತ್ತು ತಿರುಗೋದ್ರೊಳಗೆ ಮಣ್ಣು ತುಂಬಿ ನುಣ್ಣಗಾಗಿರುತ್ತೆ, ಅಲ್ಲಿ ಎಂಟಿ ಗೆಲ್ಲುತ್ತೆ, ಒಪ್ಪೋಣ. ಆದ್ರೆ ಪಾಚಿ ಕಟ್ಟಿರೋ ಒದ್ದೆ ಬಂಡೆ ಮೇಲೆ, ಮಳೆ ಬಿದ್ದ ಟಾರ್ ರೋಡಲ್ಲಿ ಬೇಕಾಗೋದು ಬ್ಲಾಕ್ ಮೇಲಿನ ಸಣ್ಣ ಸಣ್ಣ ಸೀಳುಗಳು, ಅವು ಎಂಟಿಯಲ್ಲಿ ಕಮ್ಮಿ. ಶಿರಾಡಿ ಘಾಟಿ ಮಳೇಲಿ ಇಳೀವಾಗ ಬ್ರೇಕ್ ಒತ್ತಿದ್ರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತೆ. ವಾರದಲ್ಲಿ ಐದು ದಿನ ರಿಂಗ್ ರೋಡಲ್ಲಿ ಆಫೀಸಿಗೆ ಹೋಗಿ, ತಿಂಗಳಿಗೊಂದ್ಸಲ ಎಸ್ಟೇಟ್ ರೋಡ್ ಹತ್ತೋರಿಗೆ ಒಳ್ಳೆ ಎಟಿ ಸಾಕು. ತೋಟದಲ್ಲೇ ಮನೆ ಇದೆ, ದಿನಾ ಕೆಸರು ತುಳೀಬೇಕು ಅನ್ನೋರಿಗೆ ಎಂಟಿ.

ಸೈಜ್ ವಿಷಯಕ್ಕೆ ಬಂದ್ರೆ ಕ್ಯಾಲ್ಕ್ಯುಲೇಟರ್ ತೆಗೀರಿ, ಅಂಗಡಿಯವ್ರು ಹೇಳೋದನ್ನ ಹಂಗೇ ನಂಬ್ಬೇಡಿ. ಜಿಮ್ನಿಗೆ ಕಂಪನಿಯಿಂದ ಬರೋದು 195/80 ಆರ್15 (ಅಗಲ 195 ಮಿಮೀ, ಪಕ್ಕದ ಗೋಡೆ ಎತ್ತರ ಅಗಲದ 80 ಪರ್ಸೆಂಟ್, ರಿಮ್ 15 ಇಂಚು), ಆ ಟೈರಿನ ಎತ್ತರ ಸುಮಾರು 693 ಮಿಮೀ. 215/75 ಆರ್15 ಹಾಕಿಸಿದ್ರೆ ಸುಮಾರು 703, ಹತ್ತು ಮಿಮೀ ಜಾಸ್ತಿ, ಆದ್ರೆ ಆಕ್ಸಲ್ (ಎರಡೂ ಕಡೆ ಚಕ್ರ ಹೊರೋ ಅಡ್ಡ ದಂಡ) ಇರೋದು ಚಕ್ರದ ಮಧ್ಯದಲ್ಲಿ, ಹಂಗಾಗಿ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ಹೊಟ್ಟೆಗೂ ಮಧ್ಯದ ಜಾಗ) ಸಿಗೋದು ಅದರ ಅರ್ಧ, ಬರೀ ಐದು ಮಿಮೀ. 235/75 ಆರ್15ಗೆ ಹೋದ್ರೆ ಸುಮಾರು 733, ಆಗ ಇಪ್ಪತ್ತು ಮಿಮೀ ಸಿಗುತ್ತೆ, ಅದು ಕೆಲಸಕ್ಕೆ ಬರೋ ಎತ್ತರ. ಅದಕ್ಕೆ ತೆರೋ ಬೆಲೆನೂ ನೋಡಿ: ಗೇರಿಂಗ್ ಸುಮಾರು 6 ಪರ್ಸೆಂಟ್ ಎತ್ತರ ಆಗುತ್ತೆ, ಅಂದ್ರೆ ಎಳೆಯೋ ಬಲ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ, ಮೊದ್ಲೇ 134 ಎನ್‌ಎಂ ಇರೋ ಗಾಡಿ ಘಾಟೀಲಿ ಇನ್ನೊಂದು ಗೇರ್ ಕಮ್ಮಿ ಕೇಳುತ್ತೆ, ಸ್ಪೀಡೋಮೀಟರ್‌ನಲ್ಲಿ 80 ತೋರಿಸ್ತಿದ್ರೆ ಲೆಕ್ಕದ ಪ್ರಕಾರ ಹತ್ರ ಹತ್ರ 85ರಲ್ಲಿ ಹೋಗ್ತಿರ್ತೀರ, ಬ್ರೇಕ್‌ಗೆ ಕೆಲಸ ಜಾಸ್ತಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜೋ ಚಾನ್ಸೂ ಇದೆ. ಹಾಕಿಸೋ ದಿನ ಅಂಗಡಿ ಮುಂದೆನೇ ಒಂದು ಚಕ್ರನ ಇಟ್ಟಿಗೆ ಮೇಲೋ ಕಲ್ಲು ಮೇಲೋ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಸಮತಟ್ಟು ನೆಲದಲ್ಲಿ ಉಜ್ಜದೇ ಇರೋ ಟೈರು ಸಸ್ಪೆನ್ಷನ್ ಒತ್ತಿದಾಗ ಉಜ್ಜುತ್ತೆ. ಇನ್ನೊಂದು, ಐದೂ ಟೈರು ಒಂದೇ ಸೈಜ್ ಇರ್ಲಿ. ಸ್ಟೆಪ್ನಿ ಮಾತ್ರ ಹಳೇದು ಬಿಟ್ಟು ಆಮೇಲೆ ಪಂಚರ್ ಆದಾಗ ಅದನ್ನೇ ಹಾಕ್ಕೊಂಡು 4x4ನಲ್ಲಿ ಓಡಿಸಿದ್ರೆ, ಚಕ್ರಗಳ ಸುತ್ತಳತೆ ಬೇರೆ ಬೇರೆ ಆಗಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಪವರ್ ಹಂಚೋ ಗೇರ್‌ಬಾಕ್ಸ್) ಮೇಲೆ ಒತ್ತಡ ಬೀಳುತ್ತೆ.

ಟೈರ್ ತಗೊಳ್ಳೋಕೆ ಈಗ ದುಡ್ಡಿಲ್ವಾ, ಪರ್ವಾಗಿಲ್ಲ, ಒಂದು ಒಳ್ಳೆ ಪ್ರೆಷರ್ ಗೇಜು, ಒಂದು ಕಂಪ್ರೆಸರ್ ತಗೊಳ್ಳಿ. ಇಡೀ ಲಿಸ್ಟಲ್ಲಿ ಕಾಸಿಗೆ ತಕ್ಕ ಕಜ್ಜಾಯ ಅಂದ್ರೆ ಇದೇ. ಕೆಸರು ಶುರುವಾಗೋ ಮುಂಚೆ ಗಾಡಿ ನಿಲ್ಸಿ ಗಾಳಿ 18 ರಿಂದ 20 ಪಿಎಸ್‌ಐಗೆ ಇಳಿಸಿ, ಬರೀ ಕಲ್ಲು ರೋಡಾದ್ರೆ 22 ರಿಂದ 25 ಸಾಕು. ಪಕ್ಕದಲ್ಲಿ ಕೂತು ನೋಡಿದ್ರೆ ಕಾಣುತ್ತೆ, ಟೈರು ಅಗಲ ಆಗೋದಕ್ಕಿಂತ ಉದ್ದ ಜಾಸ್ತಿ ಆಗುತ್ತೆ, ನೆಲಕ್ಕೆ ಒತ್ತಿರೋ ಭಾಗ ಮುಂದಕ್ಕೂ ಹಿಂದಕ್ಕೂ ಚಾಚ್ಕೊಳ್ಳುತ್ತೆ, ಹಿಡಿತ ಬರೋದು ಅಲ್ಲಿಂದ. 15ರ ಕೆಳಗೆ ಮಾತ್ರ ಹೋಗ್ಬೇಡಿ, ಮಾಮೂಲಿ ರಿಮ್‌ನಲ್ಲಿ ಟೈರು ಪಕ್ಕಕ್ಕೆ ಕಳಚ್ಕೊಂಡ್ಬಿಡುತ್ತೆ, ಮಳೇಲಿ ಇಂಬಳ (ಜಿಗಣೆ) ಹತ್ತಿಸ್ಕೊಂಡು ಅದನ್ನ ಸರಿ ಮಾಡೋ ಸುಖ ಯಾರಿಗೂ ಬೇಡ. ಕಂಪ್ರೆಸರ್ ತಗೊಳ್ಳೋವಾಗ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚೋದು ಬೇಡ, ಬ್ಯಾಟರಿಗೆ ನೇರ ಕ್ಲಿಪ್ ಹಾಕೋದು ತಗೊಳ್ಳಿ, ದೊಡ್ಡ ಟೈರಿಗೆ ಗಾಳಿ ತುಂಬುವಾಗ ಸಾಕೆಟ್ ಫ್ಯೂಸ್ ಹೋಗುತ್ತೆ. ಟಾರ್ ರೋಡಿಗೆ ಬಂದ್ಮೇಲೆ ಗಾಳಿ ತುಂಬದೇ 80ರಲ್ಲಿ ಹೊಡೀಬೇಡಿ, ಟೈರು ಬಿಸಿಯಾಗಿ ಸೈಡ್‌ವಾಲ್ ಹೋಗುತ್ತೆ.

ಮೂರನೇದು ರಿಕವರಿ, ಅಂದ್ರೆ ಸಿಕ್ಕಾಕೊಂಡ ಗಾಡೀನ ಎಳೆದು ತೆಗೆಯೋ ಸಾಮಾನು. ಇದನ್ನ ಯಾರೂ ಅಪ್‌ಗ್ರೇಡ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಆದ್ರೆ ಜೀವ ಹೋಗೋದು ಇಲ್ಲೇ. ಹಿಂದೆ ಟ್ರೈಲರ್ ಕಟ್ಟೋ ಗುಂಡು ಇರುತ್ತಲ್ಲ, ಅದಕ್ಕೆ ಹಗ್ಗ ಕಟ್ಟಿ ಎಳೀಬೇಡಿ, ಅದು ಮುರಿದು ಹಾರಿದ್ರೆ ಎದುರಿನ ಗಾಡಿ ಗ್ಲಾಸ್ ಸೀಳ್ಕೊಂಡು ಒಳಗೆ ಬರುತ್ತೆ. ಮುಂದೆ ಹಿಂದೆ ಎರಡೂ ಕಡೆ ಚಾಸಿಗೆ ಬೋಲ್ಟ್ ಆಗಿರೋ ಗಟ್ಟಿ ರಿಕವರಿ ಪಾಯಿಂಟ್ ಇರ್ಬೇಕು. ಕೈನೆಟಿಕ್ ರೋಪ್‌ಗೂ ಮಾಮೂಲಿ ಟೋ ಬೆಲ್ಟ್‌ಗೂ ವ್ಯತ್ಯಾಸ ತಿಳ್ಕೊಳ್ಳಿ, ಕೈನೆಟಿಕ್ ಹಿಗ್ಗಿ ಎಳೆಯುತ್ತೆ, ಜರ್ಕ್ ಕೊಡಬಹುದು, ಟೋ ಬೆಲ್ಟ್ ಹಿಗ್ಗಲ್ಲ, ಅದಕ್ಕೆ ಜರ್ಕ್ ಕೊಟ್ರೆ ಯಾವುದೋ ಒಂದು ಕಡೆ ಕಿತ್ತು ಬರುತ್ತೆ. ಎರಡು 4.75 ಟನ್ ರೇಟಿಂಗ್ ಇರೋ ಶ್ಯಾಕಲ್ (ಹಗ್ಗನ ಗಾಡಿಗೆ ಸಿಕ್ಕಿಸೋ ಕಬ್ಬಿಣದ ಕೊಂಡಿ), ಇಲ್ಲಾಂದ್ರೆ ಹಗ್ಗದಿಂದಲೇ ಮಾಡಿರೋ ಸಾಫ್ಟ್ ಶ್ಯಾಕಲ್, ಎಳೆಯುವಾಗ ಹಗ್ಗದ ಮೇಲೆ ಹಾಕೋಕೆ ಒಂದು ದಪ್ಪ ಕಂಬಳಿ, ಜೊತೆಗೆ ಸುತ್ತ ನಿಂತು ವಿಡಿಯೋ ಮಾಡೋರನ್ನ ದೂರ ಓಡಿಸೋ ಒಬ್ಬ ಖಡಕ್ ಗೆಳೆಯ.

ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯೋ ಮೋಟಾರು) ಬೇಕಾ? ಒಬ್ರೇ ಹೋಗೋರಾದ್ರೆ ಬೇಕು, ನಾಲ್ಕು ಗಾಡಿ ಜೊತೆಲಿ ಹೋಗೋರಿಗೆ ಆ ಗುಂಪಲ್ಲಿ ಒಂದಿದ್ರೆ ಸಾಕು. ಲೋಡ್ ಸಮೇತ ಗಾಡಿ ತೂಕದ ಒಂದೂವರೆ ಪಟ್ಟು ಎಳೆಯೋ ಕೆಪಾಸಿಟಿ ಇರ್ಲಿ. ವಿಂಚು, ಕಬ್ಬಿಣದ ಬಂಪರ್ ಎರಡೂ ಸೇರಿದ್ರೆ ಮೂತಿ ಮೇಲೆ ಭಾರ ಎಷ್ಟು ಕೂರುತ್ತೆ ಅಂತ ಯೋಚಿಸಿ, ಆಮೇಲೆ ಮುಂದಿನ ಸ್ಪ್ರಿಂಗ್ ಕುಸಿದಿದೆ ಅಂತ ಹೊಸ ಸ್ಪ್ರಿಂಗ್‌ಗೆ ಮತ್ತೆ ದುಡ್ಡು.

ಹೊಟ್ಟೆ ಕೆಳಗಿನ ರಕ್ಷಣೆಗೆ ಸಂಪು (ಎಂಜಿನ್ ಆಯಿಲ್ ತೊಟ್ಟಿ), ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮುಚ್ಚೋ ಸ್ಕಿಡ್ ಪ್ಲೇಟ್ ಹಾಕಿಸಿ, ಆಯಿಲ್ ಬದಲಾಯಿಸೋಕೆ ತೂತು ಇದೆಯಾ, ಕೆಸರು ತುಂಬಿದ್ರೆ ತೊಳೆಯೋಕಾಗುತ್ತಾ ಅಂತ ಮಲಗಿ ನೋಡಿ ತಗೊಳ್ಳಿ. ನೀರು ದಾಟೋರಿಗೆ ಇನ್ನೊಂದು ಅಗ್ಗದ ಕೆಲಸ ಇದೆ, ಆಕ್ಸಲ್ ಬ್ರೀದರ್ ಪೈಪ್ (ಆಕ್ಸಲ್ ಒಳಗಿನ ಗಾಳಿ ಆಡೋ ಕೊಳವೆ) ಮೇಲಕ್ಕೆ ಎಳೆಸೋದು. ಆಗೋದು ಏನಂದ್ರೆ, ಗಂಟೆಗಟ್ಟಲೆ ಓಡಿ ಬಿಸಿಯಾಗಿರೋ ಡಿಫರೆನ್ಶಿಯಲ್ ತಣ್ಣಗಿನ ಹಳ್ಳಕ್ಕೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ನೀರೊಳಗೆ ಇದ್ರೆ ಅಲ್ಲಿಂದಲೇ ನೀರು ಎಳ್ಕೊಳ್ಳುತ್ತೆ. ಟ್ರಿಪ್ ಮುಗಿದ್ಮೇಲೆ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳಿಗೆ ಸ್ವಲ್ಪ ಆಯಿಲ್ ತಗೊಂಡು ನೋಡಿ, ಜೇನು ಬಣ್ಣದ ಬದಲು ಹಾಲು ಬೆರೆಸಿದ ಕಾಫಿ ತರ ಇದ್ರೆ ನೀರು ಸೇರಿದೆ, ಅವತ್ತೇ ಬದಲಾಯಿಸಿ. ಸ್ನಾರ್ಕೆಲ್ ಹಾಕಿಸಿ ಇದನ್ನ ಮರೆಯೋರು ಬಹಳ ಜನ. ಥಾರ್‌ಗೆ ಕಂಪನಿನೇ 650 ಮಿಮೀ ನೀರು ಅಂತ ಹೇಳುತ್ತೆ, ಅಂದ್ರೆ ಹತ್ರ ಹತ್ರ ತೊಡೆ ಮಟ್ಟ, ಅದಕ್ಕಿಂತ ಆಳದಲ್ಲಿ ಗಾಡಿ ತೇಲೋಕೆ ಶುರುವಾಗುತ್ತೆ, ಹರಿಯೋ ನೀರಾದ್ರೆ ಸ್ನಾರ್ಕೆಲ್ ಇದ್ರೂ ಎಳ್ಕೊಂಡು ಹೋಗುತ್ತೆ.

ಗಾಡಿ ಎತ್ತರಿಸೋ ಲಿಫ್ಟ್ ಕಿಟ್ ಬಗ್ಗೆ ಜಗಳನೇ ಆಗುತ್ತೆ, ಆದ್ರೂ ಹೇಳ್ತೀನಿ. ಜಿಮ್ನಿಗೆ ಮುಂದೆ ಹಿಂದೆ ಎರಡೂ ಸಾಲಿಡ್ ಆಕ್ಸಲ್, ಅಂದ್ರೆ ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ದಂಡ. ಎರಡಿಂಚು ಲಿಫ್ಟ್ ಮಾಡಿದ್ರೆ ಬಾಡಿ ಏರುತ್ತೆ, ಡಿಫರೆನ್ಶಿಯಲ್ ಹೌಸಿಂಗ್ ಇದ್ದಲ್ಲೇ ಇರುತ್ತೆ, ಅದನ್ನ ಮೇಲೆತ್ತೋದು ದೊಡ್ಡ ಟೈರು ಒಂದೇ. ಜೊತೆಗೆ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಅತ್ತಿತ್ತ ಹೋಗದಂಗೆ ಹಿಡಿಯೋ ಸರಳು) ಕೋನ ಬದಲಾಗಿ ಆಕ್ಸಲ್ ಪಕ್ಕಕ್ಕೆ ಸರಿಯುತ್ತೆ, ಕ್ಯಾಸ್ಟರ್ (ಸ್ಟೀರಿಂಗ್ ನೇರ ಇಡೋ ವಾಲು ಕೋನ) ಕೆಡುತ್ತೆ, ಹೈವೇಲಿ ಸ್ಟೀರಿಂಗ್ ತೇಲಾಡುತ್ತೆ, ಅದನ್ನೆಲ್ಲ ಸರಿ ಮಾಡೋ ಭಾಗಗಳೂ ಸೇರಿದ್ರೆ ಮಾತ್ರ ಅದು ಕಿಟ್ಟು, ಬರೀ ಸ್ಪ್ರಿಂಗ್ ಮೇಲೆ ಇಡೋ ಸ್ಪೇಸರ್ ಅಲ್ಲ. ಥಾರ್‌ಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರ ಬೇರೆ ಬೇರೆಯಾಗಿ ಆಡೋದು) ಇರೋದ್ರಿಂದ ಜಾಸ್ತಿ ಏರಿಸಿದ್ರೆ ಡ್ರೈವ್ ಶಾಫ್ಟ್ ಜಾಯಿಂಟ್ ಓರೆಯಾಗಿ ರಬ್ಬರ್ ಬೂಟ್ ಹರಿಯುತ್ತೆ, ಕೆಸರು ಒಳಗೆ ಹೋದ್ರೆ ಮುಗೀತು. ಅದಕ್ಕೆ 226 ಮಿಮೀ ಕ್ಲಿಯರೆನ್ಸ್ ಕಂಪನಿಯಿಂದಲೇ ಇದೆ, ಮೊದ್ಲು ಅದನ್ನ ಪೂರ್ತಿ ಬಳಸಿ. ಹಂಗೂ ಸಸ್ಪೆನ್ಷನ್‌ಗೆ ಖರ್ಚು ಮಾಡ್ಲೇಬೇಕು ಅಂದ್ರೆ ಒಳ್ಳೆ ಶಾಕ್ ಅಬ್ಸಾರ್ಬರ್ ಹಾಕಿಸಿ, ಹಿಂದಿನ ಸೀಟಲ್ಲಿ ಕೂರೋರು ಕೂಡ ಹರಸ್ತಾರೆ.

ಡಿಫರೆನ್ಶಿಯಲ್ ಲಾಕರ್ (ಎಡ-ಬಲ ಚಕ್ರ ಎರಡೂ ಒಟ್ಟಿಗೇ ತಿರುಗೋ ಹಂಗೆ ಬೀಗ ಹಾಕೋದು) ವಿಷಯದಲ್ಲಿ ಮೊದ್ಲು ನಿಮ್ಮ ಗಾಡೀಲಿ ಏನಿದೆ ನೋಡ್ಕೊಳ್ಳಿ. ಫೋರ್ಸ್ ಗೂರ್ಖಾಗೆ ಮುಂದೆ ಹಿಂದೆ ಎರಡೂ ಲಾಕರ್ ಫ್ಯಾಕ್ಟರಿಯಿಂದಲೇ ಬರುತ್ತೆ, ಥಾರ್‌ನ ಕೆಲವು ವೇರಿಯಂಟ್‌ಗೆ ಹಿಂದೆ ಮೆಕ್ಯಾನಿಕಲ್ ಲಾಕಿಂಗ್ ಇದೆ, ಜಿಮ್ನಿ ಬ್ರೇಕ್ ಹಿಡಿದು ಕೆಲಸ ಮಾಡುತ್ತೆ, ತಿರುಗ್ತಿರೋ ಚಕ್ರಕ್ಕೆ ಬ್ರೇಕ್ ಹಾಕಿ ಟಾರ್ಕ್‌ನ ಇನ್ನೊಂದಕ್ಕೆ ಕಳ್ಸುತ್ತೆ. ಈ ಬ್ರೇಕ್ ಸಿಸ್ಟಮ್ ಕೆಲಸ ಮಾಡ್ಲಿಲ್ಲ ಅನ್ನೋರು ಬಹುಪಾಲು ಚಕ್ರ ತಿರುಗಿದ ತಕ್ಷಣ ಹೆದರಿ ಆಕ್ಸಿಲರೇಟರ್ ಬಿಟ್ಬಿಟ್ಟಿರ್ತಾರೆ. ಹದವಾಗಿ ಒತ್ತಿ ಹಿಡ್ಕೊಂಡು ಒಂದೆರಡು ಸೆಕೆಂಡ್ ಕಾಯಿರಿ, ಟಕಟಕ ಸೌಂಡ್ ಬರುತ್ತೆ, ಗಾಡಿ ನಿಧಾನಕ್ಕೆ ಎದ್ದು ಬರುತ್ತೆ. ಇದನ್ನ ಕಲ್ತ ಮೇಲೂ ದಾಟೋಕಾಗದ ಜಾಗ ಮತ್ತೆ ಮತ್ತೆ ಸಿಗ್ತಿದ್ರೆ ಆಗ ಲಾಕರ್ ಬಗ್ಗೆ ಮಾತಾಡೋಣ. 2023ರಲ್ಲಿ ಬಂದ, ಹಿಂದಿನ ಎರಡು ಚಕ್ರದಿಂದ ಓಡೋ ಥಾರ್ ಇರೋರು ಮಾತ್ರ ಬೇಜಾರ್ ಮಾಡ್ಕೋಬೇಡಿ, ನೋಡೋಕೆ ಒಂದೇ ತರ ಇದ್ರೂ ಮುಂದಿನ ಚಕ್ರಕ್ಕೆ ಪವರ್ ಇಲ್ಲ, ಅದಕ್ಕೆ ಲಕ್ಷಗಟ್ಟಲೆ ಹಾಕೋ ಬದಲು 4x4ಗೆ ಬದಲಾಯಿಸೋದು ಜಾಣತನ.

ಲೈಟ್ ಬಾರ್, ರೂಫ್ ರ‍್ಯಾಕ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೋಳು ಟೈರಿನ ಮೇಲೆ ಲೈಟ್ ಬಾರ್ ಅಂದ್ರೆ ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು. ರೂಫ್ ಮೇಲೆ ಭಾರ ಹಾಕಿದಷ್ಟೂ ಓರೆ ಜಾಗದಲ್ಲಿ ಗಾಡಿ ಮಗುಚೋ ಭಯ ಜಾಸ್ತಿ.

ಕಾನೂನು ಒಂದು ಇದೆ, ಅದನ್ನ ಅಂಗಡಿಯವ್ರು ಹೇಳಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲದಲ್ಲಿ ಕೊಟ್ಟಿದ್ದಕ್ಕೆ ಹೊಂದದೇ ಹೋಗೋ ಹಂಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ, ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಕಬ್ಬಿಣದ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕ್ಬಾರ್ದು ಅಂತ ಕೇಂದ್ರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಹಾಗಾಗಿ ಬೋಲ್ಟ್ ಬಿಚ್ಚಿದ್ರೆ ಮೊದಲಿನಂಗೇ ಆಗೋ ಕೆಲಸಗಳನ್ನೇ ಆರಿಸ್ಕೊಳ್ಳಿ, ಚಾಸಿ ಕೊಯ್ಯೋದು, ವೆಲ್ಡಿಂಗ್ ಮಾಡಿಸೋದು ಬೇಡ. ಏನೇ ಹಾಕಿಸಿದ್ರೂ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ ಪಾಲಿಸೀಲಿ ಸೇರಿಸ್ಕೊಳ್ಳಿ, ಕ್ಲೇಮ್ ಟೈಮಲ್ಲಿ ಸರ್ವೇಯರ್ ಮೊದ್ಲು ನೋಡೋದೇ ಅದನ್ನ. ತೆಗೆದಿಟ್ಟ ಕಂಪನಿ ಸ್ಪ್ರಿಂಗು, ರಿಮ್ಮು, ಬಂಪರ್ ಗುಜರಿಗೆ ಹಾಕ್ಬೇಡಿ, ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಿ, ಗಾಡಿ ಮಾರೋವಾಗ ಅವೂ ಜೊತೆಗಿದ್ರೆ ತಗೊಳ್ಳೋರು ಕಮ್ಮಿ ಚೌಕಾಸಿ ಮಾಡ್ತಾರೆ.