0.5 ಹರ್ಟ್ಸ್‌ಗಾಗಿ ಚಿಪ್‌ನೊಳಗೆ 32 ಗಿಗಾ ಓಮ್

ಇಸಿಜಿ ಚಿಪ್‌ನ ಮೊದಲ ಆಂಪ್ಲಿಫೈಯರ್ ನನ್ನ ಪಾಲಿಗೆ ಬಂದಿತ್ತು. ಮೈಗೆ ಅಂಟಿಸುವ ಎಲೆಕ್ಟ್ರೋಡ್ ತಾನೇ ಒಂದಷ್ಟು ಡಿಸಿ ವೋಲ್ಟೇಜ್ ಹುಟ್ಟಿಸುತ್ತದೆ. ಅದು ನೂರಾರು ಮಿಲಿವೋಲ್ಟ್ ಆಗಬಹುದು. ಹೃದಯದ ಸಿಗ್ನಲ್ ಒಂದು ಮಿಲಿವೋಲ್ಟ್ ಆಸುಪಾಸು. ಹಾಗಾಗಿ ಡಿಸಿಯನ್ನು ತಡೆದು 0.5 ಹರ್ಟ್ಸ್‌ಗಿಂತ ಮೇಲಿನದನ್ನು ಮಾತ್ರ ಬಿಡುವ ಹೈಪಾಸ್ ಫಿಲ್ಟರ್ ಬೇಕೇ ಬೇಕು. ಬೋರ್ಡ್ ಮೇಲಾದರೆ ಒಂದು ಮೈಕ್ರೋಫ್ಯಾರಡ್, ಒಂದು 330 ಕಿಲೋ ಓಮ್, ಕೆಲಸ ಮುಗಿಯಿತು. ನಮ್ಮಲ್ಲಿ ಹೊರಗೆ ಒಂದು ಕೆಪಾಸಿಟರ್ ಕೂಡ ಇಡುವಂತಿರಲಿಲ್ಲ.

ಚಿಪ್‌ನೊಳಗೆ 10 ಪಿಕೋಫ್ಯಾರಡ್ ಬೇಕೆಂದರೂ, ಚದರ ಮೈಕ್ರಾನ್‌ಗೆ ಒಂದು ಫೆಮ್ಟೋಫ್ಯಾರಡ್ ಲೆಕ್ಕದಲ್ಲಿ, 100 ಮೈಕ್ರಾನ್ ಉದ್ದಗಲದ ಜಾಗ ಹೋಗುತ್ತದೆ. ಅದಕ್ಕೆ ಜೋಡಿ ರೆಸಿಸ್ಟರ್ ಸುಮಾರು 32 ಗಿಗಾ ಓಮ್. ಸ್ಕ್ವೇರ್‌ಗೆ, ಅಂದರೆ ಅಗಲದಷ್ಟೇ ಉದ್ದದ ತುಂಡಿಗೆ, ಒಂದು ಕಿಲೋ ಓಮ್‌ನ ಪಾಲಿಸಿಲಿಕಾನ್ ಪಟ್ಟಿಯನ್ನು ಒಂದು ಮೈಕ್ರಾನ್ ಅಗಲಕ್ಕೆ ಎಳೆದರೆ 32 ಮೀಟರ್ ಆಗುತ್ತದೆ! ಸ್ವಿಚ್ ಬಡಿದು ಕೆಪಾಸಿಟರನ್ನೇ ರೆಸಿಸ್ಟರ್‌ನಂತೆ ನಡೆಸುವ ಸ್ವಿಚ್ಡ್ ಕೆಪಾಸಿಟರ್ ಯೋಚಿಸಿದೆ. ಹೆಚ್ಚು ಫ್ರೀಕ್ವೆನ್ಸಿಯ ಗದ್ದಲ ಕೆಳಗೆ ಮಡಚಿ ಸಿಗ್ನಲ್‌ಗೆ ಬೆರೆಯುವ ಏಲಿಯಾಸಿಂಗ್ ತಲೆನೋವು ಬೇಡ ಅನ್ನಿಸಿತು. ಕೊನೆಗೆ ಟ್ರಾನ್ಸಿಸ್ಟರನ್ನೇ ಭಾರೀ ರೆಸಿಸ್ಟರ್ ಆಗಿ ಬಳಸುವ ಸ್ಯೂಡೋ ರೆಸಿಸ್ಟರ್ ಹಿಡಿದೆ. ಹ್ಯಾರಿಸನ್ ಮತ್ತು ಚಾರ್ಲ್ಸ್ 2003ರಲ್ಲಿ ನರಕೋಶದ ಸಿಗ್ನಲ್‌ಗೆ ಮಾಡಿದ ಆಂಪ್ಲಿಫೈಯರ್‌ನಲ್ಲಿ ಇದೇ ಇತ್ತು. ನನ್ನದರಲ್ಲಿ ಪೂರ್ತಿ ಆನ್ ಆಗದ ಸಬ್‌ಥ್ರೆಶೋಲ್ಡ್ ಸ್ಥಿತಿಯಲ್ಲಿ ಕೂತ ಎರಡು ಪಿಮಾಸ್ ಟ್ರಾನ್ಸಿಸ್ಟರ್, ಗೇಟ್ ವೋಲ್ಟೇಜ್ ತಿದ್ದಲು ಟ್ರಿಮ್ ಬಿಟ್‌ಗಳು.

ಸಿಮ್ಯುಲೇಷನ್‌ನಲ್ಲೇ ಎರಡು ದಿನ ಹೋಯಿತು. ಎಷ್ಟು ಟ್ರಿಮ್ ಮಾಡಿದರೂ ಫಿಲ್ಟರ್‌ನ ಕಟ್‌ಆಫ್ ಫ್ರೀಕ್ವೆನ್ಸಿ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಕಾರಣ ಜಿಮಿನ್, ಅಂದರೆ ಸಿಮ್ಯುಲೇಟರ್ ಇಟ್ಟುಕೊಳ್ಳುವ ಕನಿಷ್ಠ ವಾಹಕತೆ. ಸ್ಪೈಸ್ ಎಂಬ ಸಿಮ್ಯುಲೇಟರ್ ತನ್ನ ಲೆಕ್ಕ ಕೂಡಿಬರಲಿ ಅಂತ ಪ್ರತಿ ಜಂಕ್ಷನ್‌ಗೂ ಸದ್ದಿಲ್ಲದೆ ಒಂದು ಟೆರಾ ಓಮ್ ಸೇರಿಸಿರುತ್ತದೆ. ಬೇರೆ ಸರ್ಕ್ಯೂಟ್‌ಗಳಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 32 ಗಿಗಾ ಓಮ್ ಪಕ್ಕದಲ್ಲಿ ಅಂಥ ಐದು ಜಂಕ್ಷನ್ ಕೂತರೆ ಶೇ 15ರಷ್ಟು ತಪ್ಪು. ಜಿಮಿನ್ ಅನ್ನು ಹತ್ತು ಸಾವಿರ ಪಟ್ಟು ಇಳಿಸಿದ ಮೇಲೆ ನಿಜವಾದ ಸರ್ಕ್ಯೂಟ್ ಕಾಣಿಸಿತು.

ಮೊದಲ ಚಿಪ್ ಬಂತು. ಮುಚ್ಚಳ ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟು ಅಳೆಯಲು ಕೂತೆ. ಔಟ್‌ಪುಟ್ ಹೋಗಿ ಸಪ್ಲೈಗೆ ಅಂಟಿಕೊಂಡಿತು. ಬಯಾಸ್ ಎಲ್ಲ ಸರಿ ಇತ್ತು. ಸಂಜೆ ಹೊರಡುವಾಗ ಸುಮ್ನೆ ಮೈಕ್ರೋಸ್ಕೋಪ್ ದೀಪ ಆರಿಸಿದೆ. ಪರದೆಯ ಮೇಲಿನ ಔಟ್‌ಪುಟ್ ಗೆರೆ ನಿಧಾನವಾಗಿ ನಡುವಿಗೆ ಬಂದು ನಿಂತಿತು. ಮತ್ತೆ ದೀಪ ಹಾಕಿದೆ, ಮತ್ತೆ ಓಡಿತು.

ಪಿಮಾಸ್ ಕೂತಿರುವ ಎನ್‌ವೆಲ್ ಮತ್ತು ಚಿಪ್‌ನ ತಳದ ಸಿಲಿಕಾನ್ ಆದ ಸಬ್‌ಸ್ಟ್ರೇಟ್ ನಡುವಿನ ಡಯೋಡ್ ಬೆಳಕು ಕುಡಿದು ಕರೆಂಟ್ ಸೋರಿಸುತ್ತಿತ್ತು. ಇಲ್ಲಿ ಒಂದೇ ಒಂದು ಪಿಕೋ ಆಂಪಿಯರ್ ಸೋರಿದರೂ 32 ಮಿಲಿವೋಲ್ಟ್ ಆಫ್‌ಸೆಟ್ ಅಲ್ವಾ? ಕತ್ತಲಲ್ಲೂ ಬಿಸಿ ಏರಿದಂತೆ ಸೋರಿಕೆ ಜಾಸ್ತಿ ಆಗುತ್ತದೆ. ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟು. ನಾನು ರೆಸಿಸ್ಟರ್‌ನ ಬೆಲೆಗೆ ವಾರಗಟ್ಟಲೆ ಕೊಟ್ಟಿದ್ದೆ, ಆ ವೆಲ್ ಸರ್ಕ್ಯೂಟ್‌ನ ಯಾವ ಬಿಂದುವಿಗೆ (ನೋಡ್‌ಗೆ) ಕಟ್ಟಿದೆ ಅಂತ ಒಂದು ಗಂಟೆಯೂ ಯೋಚಿಸಿರಲಿಲ್ಲ. ಅದು ಆಂಪ್ಲಿಫೈಯರ್‌ನ ಇನ್‌ಪುಟ್ ನೋಡ್ ಮೇಲೇ ಕೂತಿತ್ತು.

ಮುಂದಿನ ಸಲ ವೆಲ್ ಅನ್ನು ಔಟ್‌ಪುಟ್ ಕಡೆಗೆ ತಿರುಗಿಸಿದೆ. ಅಲ್ಲಿ ಸೋರಿದ ಕರೆಂಟ್ ಅನ್ನು ಆಂಪ್ಲಿಫೈಯರೇ ತುಂಬಿಕೊಡುತ್ತದೆ. ಇನ್‌ಪುಟ್ ನೋಡ್‌ನ ಡಿಫ್ಯೂಷನ್, ಅಂದರೆ ಟ್ರಾನ್ಸಿಸ್ಟರ್ ತುದಿಯ ಜಂಕ್ಷನ್ ಜಾಗ, ಆದಷ್ಟು ಚಿಕ್ಕದು ಮಾಡಿ, ಬೆಳಕು ಬೀಳದಂತೆ ಮೇಲೆ ಟಾಪ್ ಮೆಟಲ್ ಹೊದಿಸಿದೆ. ಎರಡನೇ ಚಿಪ್ ಬಂದ ದಿನ ದೀಪ ಹಾಕಿಕೊಂಡೇ ಅಳೆದೆ. ಗೆರೆ ನಡುವಲ್ಲೇ ಇತ್ತು.